ಮೆಟ್ಟಿಲ ಕಲ್ಲಿನ ಮೇಲೆ ಇಟ್ಟ ಚಾಕು

ಇದು ನಡೆದದ್ದು. ಸೇರಿಸಿ ಬರೆಯುವಷ್ಟು ಓದಿದವನಲ್ಲ ನಾನು. ಹತ್ತನೇ ತರಗತಿ ಮುಗಿಸಿದ್ದೇನೆ. ದೇವನಹಳ್ಳಿ ಹತ್ತಿರದ ಒಂದು ಗೋಡೌನಿನಲ್ಲಿ ಆರು ವರ್ಷ ರಾತ್ರಿ ಪಾಳಿಯ ಕಾವಲು ಮಾಡಿದೆ. ನನಗೆ ರೂಢಿ ಇರುವ ಬರವಣಿಗೆ ಎಂದರೆ ಗೇಟಿನ ರಿಜಿಸ್ಟರಿನಲ್ಲಿ ಲಾರಿ ನಂಬರು, ಬಂದ ಹೊತ್ತು, ಹೋದ ಹೊತ್ತು ಬರೆಯುವುದು. ಇದನ್ನೂ ಹಾಗೆಯೇ, ಕಂಡದ್ದನ್ನು ಕಂಡ ಹಾಗೆ ಬರೆಯಲು ನೋಡುತ್ತೇನೆ.

ಭಾನುವಾರದಿಂದ ಶುರು ಮಾಡಬೇಕು. ಅದು ನಮ್ಮ ಮನೆಯ ಕೊನೆಯ ಸರಿಯಾದ ದಿನ.

ಅವರೆಕಾಯಿ ಕಾಲ. ಅವ್ವ ಹಿತ್ತಲ ಬಾಗಿಲಲ್ಲಿ ಕುಳಿತು ಹಿದುಕಿದ ಬೇಳೆಯನ್ನು ಬೋಗುಣಿಗೆ ಹಾಕುತ್ತಿದ್ದಳು. ಮನೆಯೆಲ್ಲ ಸೊನೆಯ ಘಮ. ಹಿತ್ತಲಿನಲ್ಲಿ ನನ್ನ ಹೆಂಡತಿ ಸುಜಾತ ಚಾಕು ಎಸೆಯುತ್ತಿದ್ದಳು.

ಅದಕ್ಕೊಂದು ಕಾರಣವಿತ್ತು. ನಮ್ಮ ಊರು ಆವತಿಯಿಂದ ಒಳಗೆ ಮೂರು ಕಿಲೋಮೀಟರ್. ಅಲ್ಲಿಂದ ಇನ್ನೂ ನಾಲ್ಕು ಕಿಲೋಮೀಟರ್ ಆಚೆ, ಪ್ಲಾಸ್ಟಿಕ್ ಚಪ್ಪರ ಹಾಕಿ ಗುಲಾಬಿ ಬೆಳೆಯುವ ಒಂದು ಪಾಲಿಹೌಸಿನಲ್ಲಿ ಸುಜಾತ ಹೂವು ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮೊಗ್ಗು ಬಿಚ್ಚುವ ಮೊದಲೇ ಕತ್ತರಿಸಬೇಕು. ಹಾಗಾಗಿ ಬೆಳಗಿನ ಜಾವ ಐದಕ್ಕೆಲ್ಲ ಸ್ಕೂಟರ್ ಹತ್ತಬೇಕಿತ್ತು. ದಾರಿಯಲ್ಲಿ ಒಂದು ನೀಲಗಿರಿ ತೋಪು, ಅದರ ಪಕ್ಕದಲ್ಲಿ ಕೆಲಸ ನಿಂತುಹೋದ ಹಳೆಯ ಕಲ್ಲು ಕ್ವಾರಿ. ದೀಪದ ಕಂಬ ಇಲ್ಲ. ಎರಡು ತಿಂಗಳ ಹಿಂದೆ ಅಲ್ಲೇ, ಅವಳ ಜೊತೆ ಕೆಲಸ ಮಾಡುವ ಹೆಂಗಸಿನ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋಗಿದ್ದರು. ಮಾರನೇ ದಿನದಿಂದ ಅರ್ಧ ಜನ ಕೆಲಸ ಬಿಟ್ಟರು.

ಸುಜಾತ ಬಿಡಲಿಲ್ಲ. "ನಾನೊಂದು ಚಾಕು ಇಟ್ಕೋತೀನಿ ಬಿಡ್ರಿ" ಅಂದಳು.

ಇಟ್ಟುಕೊಂಡು ಸುಮ್ಮನಾಗಲಿಲ್ಲ. ಮೊಬೈಲಿನಲ್ಲಿ ನೋಡಿ ಎಸೆಯುವುದನ್ನು ಕಲಿತಳು. ಹಲಸಿನ ಮರದ ಒಂದು ದುಂಡನೆಯ ತುಂಡನ್ನು ನಾನೇ ತಂದು ಸೀಬೆ ಗಿಡಕ್ಕೆ ಆನಿಸಿ ನಿಲ್ಲಿಸಿದೆ. ನಾಲ್ಕು ಹೆಜ್ಜೆಯಿಂದ ಎಸೆದರೆ ಅಲಗು ಹಿಡಿಯಬೇಕು, ಚಾಕು ಅರ್ಧ ಸುತ್ತು ತಿರುಗುತ್ತದೆ. ಏಳು ಹೆಜ್ಜೆಯಿಂದಾದರೆ ಹಿಡಿ ಹಿಡಿಯಬೇಕು, ಒಂದು ಸುತ್ತು ತಿರುಗಿ ಚುಚ್ಚಿಕೊಳ್ಳುತ್ತದೆ. ಅವಳಿಗೆ ಏಳು ಹೆಜ್ಜೆಯೇ ಕೈ ಹಿಡಿಯಿತು. ಆದರೆ ಅಡುಗೆಮನೆಯ ಚಾಕುಗಳು ಹಗುರ, ಮರಕ್ಕೆ ಬಡಿದು ವಾಪಸ್ಸು ನೆಗೆಯುತ್ತಿದ್ದವು. ಆಗ ಅವಳು ಪೆಟ್ಟಿಗೆಯಿಂದ ಮದುವೆ ಚಾಕು ತೆಗೆದಳು.

ನಮ್ಮ ಕಡೆ ಅರಿಶಿನ ಹಚ್ಚಿದ ಹೊತ್ತಿನಿಂದ ಮದುವೆ ಮುಗಿಯುವ ತನಕ ಮದುವೆ ಗಂಡು ಕೈಯಲ್ಲಿ ಒಂದು ಸಣ್ಣ ಚಾಕು ಹಿಡಿದಿರಬೇಕು, ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಗಾಳಿ, ದೃಷ್ಟಿ ತಾಕದಿರಲಿ ಎಂದು. ಈ ಚಾಕನ್ನು ನಮ್ಮ ತಾತ ಹಿಡಿದಿದ್ದರು, ಅಪ್ಪ ಹಿಡಿದಿದ್ದರು, ನಾನು ಹಿಡಿದಿದ್ದೆ. ಹುಣಸೆ ಮರದ ಹಿಡಿ, ಹಿಡಿಯ ಬುಡಕ್ಕೆ ಹಿತ್ತಾಳೆ ಬಳೆ. ಒಳ್ಳೆಯ ತೂಕ. ಎಸೆದರೆ ಹಲಸಿನ ತುಂಡಿನಲ್ಲಿ ಥಕ್ ಎಂದು ನಿಂತುಬಿಡುತ್ತಿತ್ತು. ಮುಂದಿನ ಸರದಿ ನನ್ನ ತಮ್ಮ ಶಿವುದು. ಅವನ ಮದುವೆಗೆ ಒಂದು ತಿಂಗಳಿತ್ತು.

ಆ ಭಾನುವಾರ ಶಿವು ಬಾವಿಕಟ್ಟೆಯ ಮೇಲೆ ಕುಳಿತು ರೇಗಿಸುತ್ತಿದ್ದ.

"ಅಲ್ಲ ಅತ್ತಿಗೆ, ಕಳ್ಳ ಬಂದಾಗ ಏಳು ಹೆಜ್ಜೆ ಹೆಂಗ್ ಅಳೀತೀರಾ? ಅಣ್ಣಾ ಒಂಚೂರು ಹಿಂದಕ್ಕೋಗು ಅಂತ ಕೇಳ್ಕೋತೀರಾ?"

"ನಿನ್ನೇ ನಿಲ್ಲಿಸ್ತೀನಿ ಬಾ. ಅಳತೆ ಬೇಕಾಗಲ್ಲ."

"ಬ್ಯಾಡಪ್ಪ, ನಂಗೆ ಮದುವೆ ಐತೆ. ಇನ್ನೊಂದು ತಿಂಗಳಾದ್ರೂ ಬದುಕಿರ್ಬೇಕು."

ಅವ್ವ ನಕ್ಕು, ಕೈಯಲ್ಲಿದ್ದ ಬೇಳೆ ಸಿಪ್ಪೆಯನ್ನು ಅವನ ಮೇಲೆಸೆದಳು. ಅವನು ಸಿಪ್ಪೆ ಕೊಡವಿಕೊಂಡು ಕೇಳಿದ. "ತಮಾಷೆಗಲ್ಲ ಅತ್ತಿಗೆ. ಎಸೆದ್ಬಿಟ್ಮೇಲೆ ಕೈಯಲ್ಲಿ ಏನಿರ್ತದೆ?"

ಸುಜಾತ ಮರದಿಂದ ಚಾಕು ಕಿತ್ತುಕೊಳ್ಳುತ್ತಾ, "ಹೋಗಿ ಎತ್ಕೋತೀನಿ" ಅಂದಳು.

ಅವಳು ಹಾಗೆ ಹೇಳಿದ್ದಕ್ಕೆ ನಾನೇ ಕಾರಣ. ಹತ್ತು ದಿನದ ಹಿಂದೆ ದಾರಿಯಲ್ಲಿ ನಾಯಿಗಳು ಸ್ಕೂಟರ್ ಅಟ್ಟಿಸಿಕೊಂಡು ಬಂದಿದ್ದವು. ಅವಳು ಚಾಕು ಎಸೆದಳು, ತಾಕಲಿಲ್ಲ, ಹೆದರಿ ಹಾಗೇ ಹೊರಟುಹೋದಳು. ಮಧ್ಯಾಹ್ನ ಬರಿಗೈಲಿ ಬಂದಾಗ ನಾನು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. "ಮೂರು ತಲೆಮಾರಿನ ಚಾಕು ಅದು. ಅದನ್ನ ಬಿಟ್ಟು ಮನೆಗೆ ಬರೋಹಂಗಿದ್ರೆ ಬರಲೇಬೇಡ." ಇಬ್ಬರೂ ಹೋಗಿ ಹುಡುಕಿದೆವು. ಕೊಯ್ದ ರಾಗಿ ಹೊಲದ ಕೂಳೆಯ ನಡುವೆ ಸಿಕ್ಕಿತು. ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಕುಳಿತು ನಗುತ್ತಿದ್ದಳು. "ನಾನ್ ಕಳ್ದೋಗಿದ್ರೂ ಇಷ್ಟು ಹುಡುಕ್ತಿದ್ರಾ ನೀವು?" ಎಂದು ಕೇಳಿದಳು. ನಾನು ಗಾಡಿ ಇನ್ನಷ್ಟು ಜೋರಾಗಿ ಬಿಟ್ಟೆ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡಬೇಕು. ಚಾಕನ್ನು ಕೈಯಿಂದ ಕೈಗೆ ಕೊಡುವುದು ನಮ್ಮಲ್ಲಿ ಇಲ್ಲ. ಕೆಳಗೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಸುಜಾತ ದಿನಾ ಮಧ್ಯಾಹ್ನ ಬಂದು, ಹಿತ್ತಲಲ್ಲಿ ಎಸೆಯುವುದು ಮುಗಿದ ಮೇಲೆ, ಬಾಗಿಲ ಮುಂದಿನ ಮೆಟ್ಟಿಲ ಕಲ್ಲಿನ ಮೇಲೆ ಚಾಕು ಇಟ್ಟು, "ರೀ, ಇಟ್ಟಿದ್ದೀನಿ, ಎತ್ಕೊಳ್ಳಿ" ಎಂದು ಕೂಗುತ್ತಿದ್ದಳು. ಪಾಳಿ ಮುಗಿಸಿ ಮಲಗಿದ್ದ ನಾನು ಎದ್ದು ಬರುವವರೆಗೂ ಅಲ್ಲೇ ನಿಂತಿರುತ್ತಿದ್ದಳು. ನಾನು ಚಾಕು ಎತ್ತಿಕೊಂಡ ಮೇಲೆ ಕಾಲು ತೊಳೆದು ಒಳಗೆ ಬರುತ್ತಿದ್ದಳು. ಮೈಯೆಲ್ಲ ಹಸಿ ಗುಲಾಬಿ ಕಡ್ಡಿಯ ವಾಸನೆ, ಗಿಡಕ್ಕೆ ಹೊಡೆಯುವ ಬೇವಿನೆಣ್ಣೆಯ ವಾಸನೆ.

ಸೋಮವಾರ.

ಬೆಳಗಿನ ಜಾವ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೋಡೌನಿನ ಗೇಟಿನಿಂದ ರಸ್ತೆ ಕಾಣುತ್ತಿರಲಿಲ್ಲ. ಅಂಥ ದಿನ ವಿಮಾನವೂ ಇಳಿಯುವುದಿಲ್ಲ. ನಮ್ಮ ಕಡೆ ಅದೊಂದು ಸದ್ದು ನಿಂತರೆ ಕಿವಿ ಕಟ್ಟಿದ ಹಾಗಾಗುತ್ತದೆ... ಐದು ಗಂಟೆ ದಾಟಿತ್ತು. ಸುಜಾತಳ ಫೋನ್ ಬಂತು.

"ರೀ..." ಪಿಸುಮಾತು. ಹಿಂದೆ ಸ್ಕೂಟರಿನ ಸದ್ದು. "ತೋಪಿನ ಹತ್ರ ಇದ್ದೀನಿ. ದಾರಿ ಮಧ್ಯ ಯಾರೋ ನಿಂತವ್ರೆ."

"ಬೈಕ್ ಐತಾ?"

"ಇಲ್ಲ. ಬರೀ ನಿಂತವ್ರೆ."

"ಗಂಡಸಾ, ಹೆಂಗಸಾ?"

"ಗೊತ್ತಾಗ್ತಿಲ್ಲ ರೀ... ಲೈಟು ನೇರ ಬೀಳ್ತೈತೆ. ಆದ್ರೂ ಮುಖ ಕಾಣಿಸ್ತಿಲ್ಲ."

"ಹಾರನ್ ಹೊಡಿ. ಇಲ್ಲಾಂದ್ರೆ ಗಾಡಿ ತಿರುಗಿಸ್ಕೊಂಡು ಮನೆಗೆ ಹೋಗು."

ಎರಡು ಸಲ ಹಾರನ್ ಕೇಳಿಸಿತು. ಆಮೇಲೆ ಸ್ಟ್ಯಾಂಡ್ ಹಾಕಿದ ಸದ್ದು. ಆಮೇಲೆ ಅವಳ ಉಸಿರು.

"ಹತ್ರ ಬರ್ತಾ ಐತೆ..."

ಮೊದಲು ನಿಂತವ್ರೆ ಅಂದವಳು ಈಗ ಐತೆ ಅಂದಳು. ಅದು ನನಗೆ ಆಗ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು.

ಅವಳು ಲೆಕ್ಕ ಹಾಕತೊಡಗಿದಳು. ನನಗಲ್ಲ, ತನಗೆ ತಾನೇ. "ಹತ್ತು... ಒಂಬತ್ತು... ಎಂಟು..."

ಹೆಜ್ಜೆ ಎಣಿಸುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಏಳು ಬರಲಿಲ್ಲ. ಅದರ ಬದಲು ಬಟ್ಟೆ ಜಗ್ಗಿದಂಥ ಒಂದು ಸಣ್ಣ ಸದ್ದು, ಅವಳು ಕೈ ಬೀಸುವಾಗ ಬಾಯಿಂದ ಬರುವ "ಹ್ಞೂ" ಎನ್ನುವ ಉಸಿರು.

ನಾನು ಕಾದೆ. ಚೀರಾಟ ಇಲ್ಲ. ಡಾಂಬರಿನ ಮೇಲೆ ಚಾಕು ಬಿದ್ದ ಸದ್ದೂ ಇಲ್ಲ.

"ತಾಕ್ತು ರೀ" ಅಂದಳು.

"ತಾಕ್ತಾ? ಬಿದ್ದನಾ?"

"ಇಲ್ಲ... ಸದ್ದೇ ಬರ್ಲಿಲ್ಲ. ಈಗ ಯಾರೂ ಇಲ್ಲ. ಚಾಕೂ ಇಲ್ಲ."

ಗೇಟಿನ ಹೊರಗೆ ಒಂದು ಲಾರಿ ಬಂದು ನಿಂತು ಹಾರನ್ ಮಾಡುತ್ತಿತ್ತು. ಫೋನಿನಲ್ಲಿ ಅವಳು ಕೇಳಿದಳು. "ಏನ್ ಮಾಡ್ಲಿ ರೀ? ಹೋಗ್ಬಿಡ್ಲಾ?"

ನಾನು ಹೇಳಿದ್ದು ಇಷ್ಟು. "ದೂರ ಹೋಗಿರಲ್ಲ. ಟಾರ್ಚ್ ಬಿಟ್ಟು ನೋಡು, ಎತ್ಕೊಂಡೇ ಹೋಗು."

ಪೊಲೀಸರಿಗೆ ನಾನು ಈ ಮಾತು ಹೇಳಿಲ್ಲ. ಅವ್ವನಿಗೆ, ಶಿವುಗೆ, ಸುಜಾತಳ ತಾಯಿಗೆ ಹೇಳಿಲ್ಲ. ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ.

ಫೋನ್ ಇಟ್ಟು ಲಾರಿ ಒಳಗೆ ಬಿಟ್ಟೆ. ಆಮೇಲೊಂದು ದಿನ ಆ ರಿಜಿಸ್ಟರ್ ತೆಗೆದು ನೋಡಿದೆ. ಲಾರಿ ನಂಬರು, ಬಂದ ಹೊತ್ತು, ನನ್ನ ಸಹಿ. ಆ ಸಾಲಿನಲ್ಲಿ ನನ್ನ ಅಕ್ಷರ ಎಲ್ಲೂ ಅಲುಗಿಲ್ಲ.

ಹತ್ತು ನಿಮಿಷ ಬಿಟ್ಟು ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಶಿವುಗೆ ಮಾಡಿ ಎಬ್ಬಿಸಿದೆ. ಅವನು ಹೋಗಿ ನೋಡಿದಾಗ ಸ್ಕೂಟರ್ ರಸ್ತೆ ಪಕ್ಕ ಸ್ಟ್ಯಾಂಡ್ ಹಾಕಿ ನಿಂತಿತ್ತು. ಕೀ ಅದರಲ್ಲೇ ಇತ್ತು, ಲೈಟು ಉರಿಯುತ್ತಿತ್ತು. ಸೀಟಿನ ಮೇಲೆ ಟಿಫನ್ ಡಬ್ಬಿಯ ಚೀಲ. ಅಲ್ಲಿಂದ ತೋಪಿನೊಳಕ್ಕೆ, ಮಂಜು ಬಿದ್ದ ಹುಲ್ಲಿನ ಮೇಲೆ ಒಬ್ಬಳೇ ನಡೆದ ಗುರುತು. ಅದು ಕ್ವಾರಿಯ ಅಂಚಿಗೆ ಹೋಗಿ ನಿಂತಿತ್ತು. ನಾನು ಮಾಡುತ್ತಿದ್ದ ಫೋನ್ ಕೆಳಗೆಲ್ಲೋ ಕಲ್ಲಿನ ನಡುವೆ ರಿಂಗ್ ಆಗುವುದು ಅವನಿಗೆ ಕೇಳಿಸಿತಂತೆ.

ಅವಳು ಸಿಕ್ಕಿದ್ದೂ ಅಲ್ಲೇ. ಮಂಜಿನಲ್ಲಿ ಕಾಲು ಜಾರಿದೆ, ತಲೆಗೆ ಬಿದ್ದ ಪೆಟ್ಟಿನಿಂದ ಪ್ರಾಣ ಹೋಗಿದೆ, ಬೇರೆ ಗಾಯವಿಲ್ಲ ಎಂದರು ಪೊಲೀಸರು. ಕತ್ತಿನಲ್ಲಿ ಸರ ಹಾಗೇ ಇತ್ತು. ಅವಳು ಕಂಡದ್ದು ಯಾರನ್ನು ಎಂಬುದಕ್ಕೆ ಗುರುತೇ ಸಿಗಲಿಲ್ಲ. ರಸ್ತೆಯಿಂದ ಅಂಚಿನವರೆಗೆ ಇದ್ದದ್ದು ಅವಳ ಹೆಜ್ಜೆ ಮಾತ್ರ.

ಚಾಕು ಹುಡುಕಿದೆವು. ಕ್ವಾರಿಯ ತಳದಲ್ಲಿ ಎದೆಮಟ್ಟ ನೀರಿತ್ತು. ಶಿವು ಮತ್ತು ಅವನ ಸ್ನೇಹಿತರು ಮೋಟರ್ ತಂದು ಎರಡು ದಿನ ನೀರು ಹೊರಗೆ ಹಾಕಿದರು. ಹಳೆಯ ಸ್ಪೀಕರುಗಳ ಆಯಸ್ಕಾಂತ ಬಿಚ್ಚಿ, ಹಗ್ಗಕ್ಕೆ ಕಟ್ಟಿ ಕೆಸರಿನಲ್ಲಿ ಎಳೆದರು. ಮೊಳೆ ಬಂತು, ತಂತಿ ಬಂತು, ಮುರಿದ ಉಳಿ ಬಂತು. ತೋಪಿನಲ್ಲಿ ತರಗೆಲೆ ಗುಡಿಸಿ ನೋಡಿದೆವು. ಒಂದೊಂದು ಮರದ ಬೊಡ್ಡೆಯನ್ನೂ ಕೈಯಿಂದ ತಡವಿ ನೋಡಿದೆ.

"ಬಿಡಣ್ಣ ಸಾಕು" ಅಂದ ಶಿವು. "ಇನ್ನು ಅದು ಯಾಕೆ ಬೇಕು ನಮಗೆ?"

ನಾನು ಅದನ್ನು ಯಾಕೆ ಹುಡುಕುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಬಂದವರೆಲ್ಲ ಹೋದರು. ಹಲಸಿನ ತುಂಡನ್ನು ನೋಡಲಾಗದೆ, ಅದರ ಮುಖವನ್ನು ಕಾಂಪೌಂಡ್ ಗೋಡೆಗೆ ತಿರುಗಿಸಿ ಒರಗಿಸಿದ್ದೆ. ಕೆಲಸ ಬಿಟ್ಟಿದ್ದೆ. ಶಿವು ಬೀಗರ ಜೊತೆ ಮದುವೆ ಮುಂದಕ್ಕೆ ಹಾಕುವ ಮಾತಾಡಲು ಹೋಗಿ ಆ ರಾತ್ರಿ ಅಲ್ಲೇ ಉಳಿದಿದ್ದ. ಮನೆಯಲ್ಲಿ ನಾನು, ಅವ್ವ, ಇಬ್ಬರೇ.

ಪಡಸಾಲೆಯಲ್ಲಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಅಂದೂ ಮಂಜು ಬಿದ್ದಿತ್ತು. ಹೆಂಚಿನಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ವಿಮಾನದ ಸದ್ದಿಲ್ಲ.

ಥಕ್.

ಹಿತ್ತಲಿನಿಂದ.

ಸೀಬೆಕಾಯಿ ಬಿದ್ದಿರಬೇಕು ಅಂದುಕೊಂಡೆ. ಗಿಡದಲ್ಲಿ ಒಂದು ಕಾಯಿಯೂ ಉಳಿದಿಲ್ಲ ಎಂಬುದು ನೆನಪಿದ್ದರೂ ಹಾಗೆ ಅಂದುಕೊಂಡೆ.

ಸ್ವಲ್ಪ ಹೊತ್ತು ಏನೂ ಇಲ್ಲ... ಮತ್ತೆ. ಥಕ್.

ನನ್ನನ್ನು ಹೆದರಿಸಿದ್ದು ಆ ಸದ್ದಲ್ಲ, ನಡುವಿನ ಬಿಡುವು. ಅವಳ ಬಳಿ ಇದ್ದದ್ದು ಒಂದೇ ಚಾಕು. ಎಸೆದ ಮೇಲೆ ಏಳು ಹೆಜ್ಜೆ ಹೋಗಬೇಕು, ಕೀಳಬೇಕು, ಏಳು ಹೆಜ್ಜೆ ವಾಪಸ್ಸು ಬರಬೇಕು. ಆ ಬಿಡುವು ನನಗೆ ಬಾಯಿಪಾಠ. ಮಧ್ಯಾಹ್ನದ ನಿದ್ದೆಯಲ್ಲಿ ಎಷ್ಟೋ ದಿನ ಅದನ್ನು ಕೇಳುತ್ತಾ ಮಲಗಿದ್ದೇನೆ. ಅಷ್ಟೇ ಬಿಡುವು. ಒಂದು ಹೆಜ್ಜೆ ಹೆಚ್ಚಿಲ್ಲ, ಕಡಿಮೆ ಇಲ್ಲ.

ಥಕ್.

ಎದ್ದು ಕುಳಿತೆ. ಒಳಕೋಣೆಯ ಬಾಗಿಲಲ್ಲಿ ಅವ್ವ ಗೋಡೆ ಹಿಡಿದು ನಿಂತಿದ್ದಳು. ಅವಳೂ ಮಲಗಿರಲಿಲ್ಲ.

"ಕೇಳಿಸ್ತಾ?" ಎಂದೆ.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ತಲೆಯಾಡಿಸಿದಳು.

ನಾಲ್ಕು. ಐದು. ಸುಜಾತ ದಿನಕ್ಕೆ ಐದು ಎಸೆತ ಎಸೆದು ನಿಲ್ಲಿಸುತ್ತಿದ್ದಳು. ಐದರ ನಂತರ ನಿಂತಿತು.

ಮನೆಯ ಪಕ್ಕದ ಸಂದಿಯಲ್ಲಿ ಯಾರೋ ನಡೆದು ಮುಂದಕ್ಕೆ ಬಂದ ಹಾಗೆ... ಹೆಜ್ಜೆ ಸದ್ದು ಇತ್ತು ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ವಾಸನೆ ಇತ್ತು. ಹಸಿ ಗುಲಾಬಿ ಕಡ್ಡಿ, ಬೇವಿನೆಣ್ಣೆ. ಅದು ಕಿಟಕಿಯ ಹತ್ತಿರ ಬಂತು, ಕಿಟಕಿ ದಾಟಿತು, ಮುಂಬಾಗಿಲ ಕೆಳಗಿನ ಸಂದಿಯಿಂದ ಬರತೊಡಗಿತು.

ಆಮೇಲೆ ಕಲ್ಲಿನ ಮೇಲೆ ಕಬ್ಬಿಣ ಇಟ್ಟ ಸದ್ದು. ಮೊದಲು ಹಿತ್ತಾಳೆ ಬಳೆ ತಾಕಿತು, ಆಮೇಲೆ ಅಲಗು. ಅವಳು ಇಡುತ್ತಿದ್ದದ್ದು ಹಾಗೆಯೇ, ಮೊದಲು ಹಿಡಿ, ಆಮೇಲೆ ತುದಿ.

ನಾನು ಬಾಗಿಲ ಹತ್ತಿರ ಹೋದೆ. ಚಿಲಕದ ಮೇಲೆ ಕೈ ಇಟ್ಟೆ. ಹೋಗಿ ಎತ್ತಿಕೊಂಡರೆ ಸಾಕು ಅನ್ನಿಸಿತು. ಎತ್ತಿಕೊಂಡರೆ ಅವಳು ಕಾಲು ತೊಳೆದು ಒಳಗೆ ಬರುತ್ತಾಳೆ. ಹುಚ್ಚು ಅನ್ನಬಹುದು ನೀವು. ಆ ಹೊತ್ತಿಗೆ ಅದು ನನಗೆ ತೀರಾ ಸರಳವಾಗಿ ಕಂಡಿತ್ತು.

ಅವ್ವ ಓಡಿಬಂದು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ಎಪ್ಪತ್ತು ದಾಟಿದವಳ ಕೈಯಲ್ಲಿ ಅಷ್ಟು ಬಲ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ತೆಗೀಬೇಡ ಕಣೋ... ತೆಗೀಬೇಡ ಮಗಾ... ನಂಗೆ ನೀನಾದ್ರೂ ಉಳಿ."

"ಅವ್ವಾ, ಅವಳು ನಿಂತಿರ್ತಾಳೆ."

"ತೆಗೀಬೇಡ..."

ನಾನು ಕೈ ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ. ಇದನ್ನೂ ಇದ್ದ ಹಾಗೆ ಬರೆಯಬೇಕು... ಅವ್ವನ ಹಿಡಿತ ಒಂದು ನೆಪ. ನನಗೂ ಭಯವಾಗಿತ್ತು. ಹನ್ನೆರಡು ವರ್ಷ ಜೊತೆಗೆ ಬಾಳಿದ ಹೆಂಡತಿ ಬಾಗಿಲಾಚೆ ನಿಂತಿದ್ದಾಳೆ ಎಂದು ಗೊತ್ತಿದ್ದೂ ನನಗೆ ಭಯವಾಗಿತ್ತು. "ಸುಜಾತಾ" ಎಂದು ಕರೆಯಲೂ ಬಾಯಿ ಬರಲಿಲ್ಲ.

ಹಾಗೇ ನಿಂತೆವು. ವಾಸನೆ ತುಂಬಾ ಹೊತ್ತು ಹೋಗಲಿಲ್ಲ. ಆಮೇಲೆ ನಿಧಾನವಾಗಿ ಕಡಿಮೆಯಾಗುತ್ತಾ ಬಂತು. ಕೊನೆಗೆ ಬರೀ ಒದ್ದೆ ಮಣ್ಣಿನ ವಾಸನೆ. ದೂರದಲ್ಲಿ ಯಾರದೋ ಮನೆಯಲ್ಲಿ ಹಸು ಕೂಗಿತು. ಹಾಲು ಕರೆಯುವ ಹೊತ್ತು. ಬಾಗಿಲ ಸಂದಿ ಬೂದು ಬಣ್ಣಕ್ಕೆ ತಿರುಗಿದಾಗ ಅವ್ವ ಕೈ ಬಿಟ್ಟಳು.

ಬಾಗಿಲು ತೆಗೆದೆ.

ಮೆಟ್ಟಿಲ ಕಲ್ಲಿನ ಮೇಲೆ ಚಾಕು ಇರಲಿಲ್ಲ.

ಕಲ್ಲು ಪೂರ್ತಿ ಮಂಜಿನ ಹನಿಯಿಂದ ಒದ್ದೆಯಾಗಿ ಕಪ್ಪಾಗಿತ್ತು. ಅದರ ನಡುವೆ ಒಂದು ಗೇಣಿನಷ್ಟು ಜಾಗ ಮಾತ್ರ ಒಣಗಿದ್ದು, ಬೆಳ್ಳಗಿತ್ತು. ಒಂದು ಕಡೆ ಅಗಲ, ನಡುವೆ ಬಳೆಯ ಗುಂಡು, ಆಮೇಲೆ ತುದಿಯವರೆಗೆ ಸಣ್ಣಗಾಗುತ್ತಾ ಹೋದ ಆಕಾರ. ಏನೋ ಒಂದು ಅಲ್ಲಿ ಇದ್ದು, ಅದರ ಮೇಲೆ ಮಂಜು ಬಿದ್ದು, ಈಗ ತಾನೇ ಅದನ್ನು ಎತ್ತಿಕೊಂಡು ಹೋದರೆ ಕಲ್ಲಿನ ಮೇಲೆ ಹೇಗೆ ಉಳಿಯುತ್ತದೋ ಹಾಗೆ.

ಮುಟ್ಟಿ ನೋಡಿದೆ. ಒಣಗಿತ್ತು. ಬೆಚ್ಚಗೇನೂ ಇರಲಿಲ್ಲ. ನಾನು ನೋಡುತ್ತಿದ್ದಂತೆಯೇ ಅಂಚಿನಿಂದ ಒಳಕ್ಕೆ ಒಂದೊಂದೇ ಹನಿ ಕೂಡಿಕೊಂಡಿತು. ಮೊದಲು ತುದಿ ಹೋಯಿತು, ಆಮೇಲೆ ಅಲಗು, ಕೊನೆಗೆ ಹಿಡಿ. ಮೊಬೈಲ್ ತಂದು ಫೋಟೊ ತೆಗೆದೆ. ಅದರಲ್ಲಿ ಬರೀ ಒದ್ದೆ ಕಲ್ಲಿದೆ.

ಅವ್ವ ಹಿಂದೆ ಬಂದು ನಿಂತು ನೋಡಿದಳು. ಆಮೇಲೆ ಕೇಳಿದಳು.

"ನಿಂಗೆ ಕೇಳಿಸ್ಲಿಲ್ವೇನೋ?"

"ಇಟ್ಟ ಸದ್ದಾ? ಕೇಳಿಸ್ತು."

"ಅದಲ್ಲ. ಎತ್ಕೊಳ್ಳಿ ಅಂದ್ಲಲ್ಲೋ... ಎರಡ್ ಸಲ ಅಂದ್ಲು."

ನನಗೆ ಕೇಳಿಸಿರಲಿಲ್ಲ. ಕಿವಿ ಮಂದವಾದ ಅವ್ವನಿಗೆ ಕೇಳಿಸಿದ ಮಾತು ನನಗೆ ಕೇಳಿಸಲಿಲ್ಲ.

ಮರುದಿನ ರಾತ್ರಿ ನಾನು ಬಾಗಿಲು ತೆರೆದಿಟ್ಟು ಹೊಸಿಲ ಮೇಲೇ ಕುಳಿತೆ. ಅದರ ಮಾರನೇ ದಿನವೂ ಕುಳಿತೆ. ಮಂಜಿನ ದಿನಗಳು ಮುಗಿಯುವವರೆಗೂ ಕುಳಿತೆ. ಏನೂ ಬರಲಿಲ್ಲ. ಆ ರಾತ್ರಿ ತಡೆದ ಅವ್ವ ಈಗ ಮಲಗುವ ಮುಂಚೆ ತಾನಾಗಿಯೇ ಬಾಗಿಲ ಚಿಲಕ ತೆಗೆದಿಡುತ್ತಾಳೆ.

ಹಲಸಿನ ತುಂಡು ಇನ್ನೂ ಗೋಡೆಗೆ ಮುಖ ಮಾಡಿಯೇ ಇದೆ. ಆ ಬೆಳಿಗ್ಗೆಯೂ ಹಾಗೆಯೇ ಇತ್ತು, ಕದಲಿರಲಿಲ್ಲ. ಗೋಡೆಗೂ ಅದಕ್ಕೂ ನಡುವೆ ಕೈ ತೂರಿಸುವಷ್ಟೂ ಜಾಗವಿಲ್ಲ. ತಿರುಗಿಸಿ ನೋಡು ಅಂದ ಶಿವು. ನೋಡಿಲ್ಲ. ಹಲಸಿನ ಮರದಲ್ಲಿ ಹೊಸ ಗಾಯ ಹಳದಿಯಾಗಿ ಕಾಣುತ್ತದೆ, ಹಳೆಯದು ಕಂದು. ಹೊಸ ಗುರುತು ಐದು ಇದ್ದರೆ ನನ್ನಿಂದ ತಡೆಯಲಾಗುವುದಿಲ್ಲ. ಒಂದೂ ಇಲ್ಲದಿದ್ದರೂ ತಡೆಯಲಾಗುವುದಿಲ್ಲ.

ಶಿವುನ ಮದುವೆ ಬೇಸಿಗೆಯಲ್ಲಿ, ಹುಡುಗಿಯ ಊರಿನ ದೇವಸ್ಥಾನದಲ್ಲಿ, ಸದ್ದುಗದ್ದಲವಿಲ್ಲದೆ ಆಯಿತು. ದೊಡ್ಡಬಳ್ಳಾಪುರದಿಂದ ಹೊಸ ಚಾಕು ತಂದಿದ್ದೆವು. ಪ್ಲಾಸ್ಟಿಕ್ ಹಿಡಿಯದು, ಹಗುರ. ಅರಿಶಿನದ ಹೊತ್ತಿಗೆ ನಾನೇ ಅದಕ್ಕೆ ನಿಂಬೆಹಣ್ಣು ಚುಚ್ಚಿ ಅವನ ಮುಂದೆ ನೆಲದ ಮೇಲೆ ಇಟ್ಟೆ. ಅವನು ಎತ್ತಿಕೊಳ್ಳದೆ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದ.

"ಎತ್ಕೊಳ್ಳೋ" ಅಂದೆ.

ಎತ್ತಿಕೊಂಡ.

ಭಾನುವಾರ ಬಂದರೆ ನಾನು ಈಗಲೂ ತೋಪಿಗೆ ಹೋಗುತ್ತೇನೆ. ಹಗಲಿನಲ್ಲಿ ಹೋಗುತ್ತೇನೆ, ಕತ್ತಲಾಗುವ ಮೊದಲು ಬರುತ್ತೇನೆ. ಸ್ಕೂಟರ್ ನಿಂತಿದ್ದ ಜಾಗದಿಂದ ಏಳು ಹೆಜ್ಜೆ ಅಳೆಯುತ್ತೇನೆ. ಅಲ್ಲಿಂದ ಸುತ್ತಲೂ ನೋಡುತ್ತಾ ಕ್ವಾರಿಯ ಅಂಚಿನವರೆಗೆ ನಡೆಯುತ್ತೇನೆ. ಅವಳು ನಡೆದ ಹಾಗೆಯೇ, ತಲೆ ತಗ್ಗಿಸಿಕೊಂಡು, ನೆಲ ನೋಡಿಕೊಂಡು.

ಚಾಕು ಇನ್ನೂ ಸಿಕ್ಕಿಲ್ಲ.